ಅಮಾಸೆ ರಾತ್ರಿಯ ಚಂದ್ರ
(ದತ್ತಿ ಉಪನ್ಯಾಸದ ಪಠ್ಯ)



ಶಿರಸಿಯಲ್ಲಿ ನಿಂತು ಸಾಹಿತ್ಯದ ಮಾತಾಡುವವರು ಪಂಪನಿಂದಲೇ ಶುರು ಮಾಡಬೇಕು. ಬನವಾಸಿ ಇದೇ ತಾಲ್ಲೂಕಿನಲ್ಲಿರುವಾಗ ಅವನ ಹೆಸರು ಬಿಟ್ಟರೆ ಎಲೆ ಹಾಕಿ ಉಪ್ಪು ಬಡಿಸಲು ಮರೆತ ಹಾಗಾಗುತ್ತದೆ. ಉಪ್ಪು ಬಡಿಸಿಯೇ ಮುಂದೆ ಹೋಗುತ್ತೇನೆ. ಆದರೆ ಪಂಪ ಬನವಾಸಿಗಾಗಿ ಹಂಬಲಿಸಿದ್ದು ಬನವಾಸಿಯಲ್ಲಿ ಕೂತುಕೊಂಡಲ್ಲ. ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆಯುವಾಗ ಅವನಿದ್ದದ್ದು ಅರಿಕೇಸರಿಯ ಆಸ್ಥಾನದಲ್ಲಿ, ಇಂದಿನ ತೆಲಂಗಾಣದ ವೇಮುಲವಾಡದ ಕಡೆ. ಘಟ್ಟದ ಕೆಳಗಿನ ಯಶವಂತ ಚಿತ್ತಾಲರು ತಮ್ಮೂರು ಹನೇಹಳ್ಳಿಯನ್ನು ಬರೆದದ್ದೂ ಮುಂಬಯಿಯಲ್ಲಿ, ಕಂಪನಿಯ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ. ಊರು ಬಿಟ್ಟವರಿಗೆ ಊರು ನೆನಪಾಗುತ್ತದೆ, ನೆನಪಿನಿಂದ ಬರವಣಿಗೆ ಹುಟ್ಟುತ್ತದೆ. ಊರಲ್ಲೇ ಉಳಿದುಬಿಟ್ಟವರು ಏನು ಮಾಡಬೇಕು?

ನಾನು ಹಾಗೆ ಉಳಿದವಳು. ಹುಟ್ಟಿದ್ದು ಯಲ್ಲಾಪುರ ತಾಲ್ಲೂಕಿನ ಬೇಡ್ತಿ ಕಣಿವೆಯ ಮೇಲಿನ ಒಂದು ಹಳ್ಳಿಯಲ್ಲಿ, ಕಾಲೇಜು ಓದಿದ್ದು ಶಿರಸಿಯಲ್ಲಿ, ಮದುವೆಯಾಗಿ ಬಂದದ್ದು ಸಿದ್ದಾಪುರದ ಕಡೆಗೆ. ಒಂದೇ ದಿನದಲ್ಲಿ ಬಸ್ಸು ಹತ್ತಿ ಹೋಗಿ ಬರಬಹುದಾದಷ್ಟು ಪ್ರಪಂಚ. ಬರೆಯಬೇಕೆಂದು ಆಸೆಪಡುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಎಂದು ಸಂಘಟಕರು ಕೇಳಿದ್ದಾರೆ. ಬರೆಯುವುದು ಹೇಗೆ ಎಂದು ಹೇಳಲು ನನಗೆ ಬಾರದು. ನಾನು ಎಲ್ಲೆಲ್ಲಿ ಎಡವಿದೆ ಎಂಬುದು ಚೆನ್ನಾಗಿ ನೆನಪಿದೆ, ಅದನ್ನೇ ಹೇಳುತ್ತೇನೆ.

ಮೊದಲನೆಯ ಎಡವು ಅಡಿಕೆ ಸುಲಿಯುವ ಚಪ್ಪರದ ಕೆಳಗೆ. ನಿಮ್ಮಲ್ಲಿ ಹೆಚ್ಚಿನವರಿಗೆ ವಿವರಿಸಬೇಕಾಗಿಲ್ಲ, ಈಗ ಯಂತ್ರ ಬಂದಿರುವುದರಿಂದ ಮಕ್ಕಳಿಗಾಗಿ ಹೇಳುತ್ತೇನೆ. ಕೆಂಪಡಿಕೆ ಮಾಡುವವರ ಮನೆಯಲ್ಲಿ ಕೊನೆ ಕೊಯ್ದ ಮೇಲೆ ಅಡಿಕೆ ಕಾಯುವುದಿಲ್ಲ. ಹಸಿ ಇರುವಾಗಲೇ ಸುಲಿಯಬೇಕು, ಬೇಯಿಸಬೇಕು, ಅಟ್ಟದ ಮೇಲೆ ಒಣಗಿಸಬೇಕು. ಹಾಗಾಗಿ ರಾತ್ರಿಯೂ ಕೆಲಸ. ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳು ಬರುತ್ತಿದ್ದರು, ಕೂಲಿಗೆ ಬರುವವರೂ ಇರುತ್ತಿದ್ದರು. ನಡುವೆ ಗ್ಯಾಸ್‌ಲೈಟು. ಸುತ್ತ ಮೆಟ್ಟುಗತ್ತಿಯ ಮಣೆಗಳು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಅಡಿಕೆಯನ್ನು ಕತ್ತಿಯ ಬಾಯಿಗೆ ಕೊಟ್ಟು ಸಿಪ್ಪೆ ಬಿಡಿಸುವುದು. ಕೈ ತನ್ನಷ್ಟಕ್ಕೆ ಓಡುತ್ತದೆ, ಕಣ್ಣಿಗೂ ಹೆಚ್ಚು ಕೆಲಸವಿಲ್ಲ, ಉಳಿಯುವುದು ಬಾಯಿ. ಎಂತೆಂಥ ಕಥೆಗಳು! ಸೊಪ್ಪಿಗೆ ಹೋದಾಗ ಬೆಟ್ಟದಲ್ಲಿ ಕಂಡ ಹುಲಿ, ಗಂಡನ ಮನೆಯಿಂದ ಓಡಿ ಬಂದ ಅತ್ತಿಗೆ, ಸತ್ತವನು ಬಂದು ಕವಳ ಕೇಳಿದ್ದು. ನಿದ್ದೆ ಬರಬಾರದೆಂದು ಹೇಳುತ್ತಿದ್ದ ಕಥೆಗಳು ಅವು. ಹಾಗಾಗಿ ಸಪ್ಪೆ ಕಥೆ ನಡೆಯುತ್ತಿರಲಿಲ್ಲ, ಯಾರಾದರೂ ತೂಕಡಿಸಿದರೆ ಹೇಳುವವರಿಗೆ ತಕ್ಷಣ ಗೊತ್ತಾಗುತ್ತಿತ್ತು.

ಎಂಟನೆಯ ತರಗತಿಯಲ್ಲಿದ್ದಾಗ ನಾನು ಆ ರಾತ್ರಿಯನ್ನೇ ಒಂದು ಪ್ರಬಂಧ ಮಾಡಿದೆ. ಶಾಲೆಯ ಪಠ್ಯದಲ್ಲಿ ಓದಿದ್ದ ಭಾಷೆಯನ್ನೆಲ್ಲ ತಂದು ಸುರಿದೆ. ಅಡಿಕೆ ಮರಗಳ ಮೇಲೆ ಬೆಳ್ಳಿಯ ತಟ್ಟೆಯಂಥ ಚಂದ್ರ, ತೋಟದ ತುಂಬ ಹಾಲು ಚೆಲ್ಲಿದ ಬೆಳದಿಂಗಳು. ಮಾಸ್ತರರು ಮೆಚ್ಚಿ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಮನೆಗೆ ಬಂದು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಕತ್ತಿಯ ಮೇಲಿನ ಕೈ ನಿಲ್ಲಿಸಿ, “ಅವತ್ತು ಅಮಾಸೆ ಅಲ್ದನೇ ಕೂಸೇ? ಚಂದ್ರ ಎಲ್ಲಿಂದ ಬಂದ?” ಎಂದಳು. ಆಚೆ ಕೂತಿದ್ದವರೆಲ್ಲ ನಕ್ಕರು. ನನಗೆ ಅಳು ಬಂತು. ಆ ರಾತ್ರಿ ಅಮಾವಾಸ್ಯೆ ಎಂಬುದು ನನಗೂ ಗೊತ್ತಿತ್ತು. ಬಚ್ಚಲಿಗೆ ಹೋಗಲು ಲಾಟೀನು ಬೇಕಾಗಿತ್ತು, ತಂಗಿ ಹೆದರಿ ನನ್ನ ಲಂಗ ಹಿಡಿದುಕೊಂಡು ಬಂದಿದ್ದಳು. ಆದರೂ ಬರೆಯುವಾಗ ಚಂದ್ರ ಬಂದಿದ್ದ. ಯಾಕೆಂದರೆ ಬರೆಯುವುದೆಂದರೆ ಚಂದ್ರನನ್ನು ತರುವುದು ಎಂದು ನಾನು ತಿಳಿದಿದ್ದೆ. ಲಂಗ ಹಿಡಿದುಕೊಂಡ ತಂಗಿ ಪ್ರಬಂಧದಲ್ಲಿ ಇರಲೇ ಇಲ್ಲ.

ಇಂದಿಗೂ ನಾನು ಬರೆದದ್ದನ್ನು ತಿದ್ದಲು ಕೂತಾಗ ಮೊದಲು ಹುಡುಕುವುದು ಆ ಚಂದ್ರನನ್ನೇ. ಯಾವುದಾದರೂ ಒಂದು ಸಾಲಿನಲ್ಲಿ ಅಡಗಿ ಕೂತಿರುತ್ತಾನೆ.

ಆ ಚಪ್ಪರ ಮೊದಲ ಶಾಲೆಯಾದರೆ ಎರಡನೆಯ ಶಾಲೆ ತಾಳಮದ್ದಲೆ. ಮಳೆಗಾಲದಲ್ಲಿ ಯಕ್ಷಗಾನದ ಆಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಜಗಲಿಯ ಮೇಲೆ, ದೇವಸ್ಥಾನದ ಚಂದ್ರಶಾಲೆಯಲ್ಲಿ ಶುರುವಾಗುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಮಾತು ಬೆಳೆಸುತ್ತಾರೆ. ಪದ ಮಾತ್ರ ಬರೆದಿಟ್ಟದ್ದು, ಅರ್ಥ ಅಲ್ಲೇ, ಆಗಲೇ ಹುಟ್ಟುವುದು. ಹೆಂಗಸರಾದ ನಾವು ಒಳಗಿನ ಬಾಗಿಲ ಸಂದಿಯಲ್ಲಿ ಕೂತು ಕೇಳುತ್ತಿದ್ದೆವು. ಹೊರಗೆ ಕೂತವರಿಗೆ ಕೇಳದ ಒಂದು ಸಂಗತಿ ನಮಗೆ ಕೇಳುತ್ತಿತ್ತು. ಮಾತಿಗೆ ಸಿಕ್ಕಿಬಿದ್ದ ಅರ್ಥಧಾರಿ ಚಹಾ ಕುಡಿಯುವ ನೆಪದಲ್ಲಿ ಒಳಗೆ ಬಂದು, “ಅಯ್ಯೋ, ಅಂವ ಹಾಂಗೆ ಕೇಳಿದ್ರೆ ಎಂತ ಹೇಳದು ಮಾರಾಯಾ” ಎಂದು ಇನ್ನೊಬ್ಬರ ಹತ್ತಿರ ಗೊಣಗುವುದು!

ನನ್ನನ್ನು ಬೆರಗುಗೊಳಿಸಿದ್ದು ಬೇರೆಯೇ ಒಂದು. ನಿನ್ನೆ ವಾಲಿಯಾಗಿ ಕೂತು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಗದ್ಗದ ಸ್ವರದಲ್ಲಿ ಪ್ರಶ್ನಿಸಿ ನಮ್ಮೆಲ್ಲರ ಕಣ್ಣಲ್ಲಿ ನೀರು ತರಿಸಿದವರೇ ಮುಂದಿನ ವಾರ ಇನ್ನೊಂದು ಮನೆಯಲ್ಲಿ ರಾಮನಾಗಿ ಕೂರುತ್ತಿದ್ದರು. ಅಷ್ಟೇ ಪ್ರಾಮಾಣಿಕವಾಗಿ ವಾಲಿಯ ಒಂದೊಂದು ಮಾತನ್ನೂ ಮುರಿಯುತ್ತಿದ್ದರು. ಯಾವುದು ನಿಮ್ಮ ನಿಜವಾದ ಅಭಿಪ್ರಾಯ ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ, ಕೇಳಿದರೆ ಅರಸಿಕತನ. ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ತರಬೇತಿ ಯಾವ ಶಿಬಿರದಲ್ಲೂ ಸಿಗುವುದಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಾಗೆಂದು ಶಿಬಿರಗಳ ಬಗ್ಗೆ ಅಸಡ್ಡೆಯಿಲ್ಲ. ಅಂಥ ಶಿಬಿರ ನಡೆಸುವ ನೀನಾಸಮ್ಮಿನ ಹೆಗ್ಗೋಡು ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಇದೆ. ಅಲ್ಲಿಗೆ ಹೋಗಿ ಬಂದವರು ಈ ಸಭೆಯಲ್ಲೇ ಹಲವರಿದ್ದಾರೆ, ಅವರನ್ನು ಚಹಾಕ್ಕೆ ಕರೆದರೆ ಎಲ್ಲ ಹೇಳುತ್ತಾರೆ.

ಆದರೆ ತಾಳಮದ್ದಲೆಯಿಂದ ನನಗೆ ಒಂದು ರೋಗವೂ ಹತ್ತಿತು. ನನ್ನ ಮೊದಲ ಹತ್ತು ಕಥೆಗಳಲ್ಲಿ ಎಲ್ಲರೂ ಸಂಧಾನಕ್ಕೆ ಬಂದ ಕೃಷ್ಣನ ಹಾಗೆ ಮಾತಾಡುತ್ತಿದ್ದರು. ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳೂ ಮೂರು ವಾಕ್ಯಕ್ಕೊಂದು ‘ಆದಾಗ್ಯೂ’ ಹೇಳುತ್ತಿದ್ದಳು. ಮಾತು ಬಾರದೆ ಸುಮ್ಮನಾಗುವವರು, ಅರ್ಧ ಹೇಳಿ ಎದ್ದು ಹೋಗುವವರು, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ದನಕ್ಕೆ ಹುಲ್ಲು ಹಾಕಲು ಹೋಗುವವರು ಯಾರೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಮಾತಿಗೆ ಬರಗಾಲವಿಲ್ಲ. ಜಗಲಿ, ಕವಳದ ಬಟ್ಟಲು, ಸೊಸೈಟಿಯ ಕಟ್ಟೆ, ಶ್ರಾದ್ಧದ ಊಟ, ಎಲ್ಲಿ ಹೋದರೂ ಮಾತುಗಾರರು. ಬೇರೆ ಕಡೆಯ ಎಳೆಯರಿಗೆ ಮಾತು ಸಾಲದು ಎಂಬ ಕಷ್ಟವಿದ್ದರೆ ನಮಗೆ ಮಾತು ಹೆಚ್ಚಾದ ಕಷ್ಟ. ಇಲ್ಲಿ ಬರೆಯಲು ಕಲಿಯುವುದೆಂದರೆ ಮುಕ್ಕಾಲುಪಾಲು ಮಾತು ಬಿಡುವುದನ್ನು ಕಲಿಯುವುದು. ನಾನಿನ್ನೂ ಪೂರ್ತಿ ಕಲಿತಿಲ್ಲ ಎಂಬುದು ಈ ಉಪನ್ಯಾಸದ ಉದ್ದ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಮಾತಿನಿಂದ ನನ್ನನ್ನು ಸ್ವಲ್ಪ ಬಿಡಿಸಿದ್ದು ಲೆಕ್ಕ. ನಾನು ಕಾಲೇಜಿನಲ್ಲಿದ್ದಾಗ ಬೇಡ್ತಿ ಜಲವಿದ್ಯುತ್ ಯೋಜನೆಯ ಗುಲ್ಲು. ಅಣೆಕಟ್ಟು ಕಟ್ಟಿದರೆ ಕಾಡು ಮುಳುಗುತ್ತದೆ, ತೋಟಗಳು ಮುಳುಗುತ್ತವೆ. ನಮ್ಮ ಊರಿನವರ ಮೊದಲ ಮನವಿಗಳನ್ನು ನಾನು ನೋಡಿದ್ದೇನೆ. ಕಣ್ಣೀರು, ಪೂರ್ವಿಕರು, ಪುಣ್ಯಭೂಮಿ. ಸುಳ್ಳೇನೂ ಅಲ್ಲ. ಆದರೆ ಬೆಂಗಳೂರಿನ ಕಚೇರಿಯಲ್ಲಿ ಕಣ್ಣೀರಿಗೆ ಕಡತವಿಲ್ಲ. ಆಗ ಶಿರಸಿಯ ತೋಟಗಾರ್ಸ್ ಸೊಸೈಟಿ ಒಂದು ಅಪರೂಪದ ಕೆಲಸ ಮಾಡಿತು. 1923ರಲ್ಲಿ ಅಡಿಕೆ ಮಾರಾಟಕ್ಕಾಗಿ ಬೆಳೆಗಾರರು ಕಟ್ಟಿಕೊಂಡ ಸಂಸ್ಥೆ ಅದು. ಯೋಜನೆಯಿಂದ ಎಷ್ಟು ಲಾಭ, ಎಷ್ಟು ನಷ್ಟ ಎಂದು ಲೆಕ್ಕ ಹಾಕಿಸುವುದಕ್ಕೆ ಮುಂದಾಯಿತು. 1981ರಲ್ಲಿ ಇದೇ ಊರಿನಲ್ಲಿ ದೊಡ್ಡ ಅಣೆಕಟ್ಟುಗಳ ಕುರಿತು ವಿಚಾರ ಸಂಕಿರಣ ನಡೆಯಿತು. ಅಲ್ಲಿ ಮಂಡಿಸಿದ ಪ್ರಬಂಧಗಳನ್ನು ಗಾಂಧಿ ಶಾಂತಿ ಪ್ರತಿಷ್ಠಾನದ ಜೊತೆ ಸೇರಿ ‘ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್’ ಎಂಬ ಪುಸ್ತಕವಾಗಿ ತಂದರು. ಅಡಿಕೆ ಮಾರುವ ಸೊಸೈಟಿಯೊಂದು ಅಣೆಕಟ್ಟಿನ ಮೇಲೆ ಪುಸ್ತಕ ತಂದದ್ದು ಇನ್ನೆಲ್ಲಾದರೂ ಉಂಟೇ? ಯೋಜನೆ ಆಗ ನಿಂತಿತು.

ಅದೇ ದಿನಗಳಲ್ಲಿ, ನಮ್ಮ ತೋಟದಲ್ಲಿ ಎಷ್ಟು ಮರ, ಮೆಣಸಿನ ಬಳ್ಳಿ ಎಷ್ಟು, ಹಲಸು ಎಷ್ಟು, ಕೊಟ್ಟಿಗೆಯ ಗೊಬ್ಬರಕ್ಕೆ ಸೊಪ್ಪಿನ ಬೆಟ್ಟದಿಂದ ವರ್ಷಕ್ಕೆ ಎಷ್ಟು ಹೊರೆ ಬರುತ್ತದೆ ಎಂದು ಅಪ್ಪಯ್ಯ ಎಣಿಸಿದ್ದನ್ನು ನಾನು ಪಟ್ಟಿ ಮಾಡಿದ್ದೆ. ಮೂರು ದಿನ ಹಿಡಿಯಿತು. ಆ ಪಟ್ಟಿ ಎಲ್ಲೂ ಅಚ್ಚಾಗಲಿಲ್ಲ. ಆದರೆ ಅದನ್ನು ಬರೆದು ಮುಗಿಸಿ ಓದಿಕೊಂಡಾಗ, ಒಂದೇ ಒಂದು ವಿಶೇಷಣವಿಲ್ಲದ ಆ ಹಾಳೆಯಲ್ಲಿ ನಮ್ಮ ಮನೆ ಕಂಡಿತು. ಎಂಟನೆಯ ತರಗತಿಯ ಪ್ರಬಂಧದಲ್ಲಿ ಕಂಡಿರಲಿಲ್ಲ. ಶಿರಸಿ ತಾಲ್ಲೂಕಿನ ಬಕ್ಕೆಮನೆಯಿಂದ ಹೋದ ನಾಗೇಶ ಹೆಗಡೆಯವರ ವಿಜ್ಞಾನ ಬರಹಗಳನ್ನು ಆಮೇಲೆ ಪತ್ರಿಕೆಯಲ್ಲಿ ಓದುವಾಗ ನನಗೆ ಮೆಚ್ಚಿಗೆಯಾದದ್ದೂ ಇದೇ ಗುಣ. ಅಂಕಿಯೊಂದನ್ನು ಹೇಗೆ ನಿಲ್ಲಿಸಬೇಕೆಂದರೆ ಅದು ಓದುವವರ ಅಂಗಳದಲ್ಲೇ ಬಂದು ನಿಲ್ಲಬೇಕು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾದ ಮೇಲಂತೂ ಹಳ್ಳಿಹಳ್ಳಿಯ ಹುಡುಗರು ಕರಪತ್ರ ಬರೆದರು, ವರದಿ ಕಳಿಸಿದರು. ಅವರಲ್ಲಿ ಹಲವರಿಗೆ ಅದೇ ಮೊದಲ ಬರವಣಿಗೆ. ಈಗ ಬೇಡ್ತಿ-ವರದಾ ನದಿ ಜೋಡಣೆಯ ಮಾತು ಮತ್ತೆ ಎದ್ದಿದೆ, ಮತ್ತೆ ಮನವಿಗಳು ತಯಾರಾಗುತ್ತಿವೆ. ಮಕ್ಕಳೇ, ಮನವಿ ಬರೆಯುವ ಕೆಲಸ ನಿಮಗೆ ಬಂದರೆ ಬೇಡ ಎನ್ನಬೇಡಿ.

ನನ್ನ ಹೆಸರು ಮೊದಲು ಅಚ್ಚಾದದ್ದು ಕಥೆಯ ಮೇಲಲ್ಲ, ಓದುಗರ ಪತ್ರದ ಕೆಳಗೆ. ನಮ್ಮೂರ ಹಳ್ಳಕ್ಕೆ ಒಂದು ಕಾಲುಸಂಕ ಬೇಕು ಎಂದು ಸ್ಥಳೀಯ ಪತ್ರಿಕೆಗೆ ಬರೆದಿದ್ದೆ. ಮೊದಲ ಸಲ ಬರೆದಾಗ ಎರಡು ಪುಟ. ಅಪ್ಪಯ್ಯ ನೋಡಿ, “ಇದ್ರಲ್ಲಿ ಹಳ್ಳ ಎಲ್ಲಿದ್ದು?” ಎಂದು ಕೇಳಿದರು. ಹುಡುಕಿದರೆ ಎರಡನೆಯ ಪುಟದಲ್ಲಿತ್ತು. ಮೊದಲ ಪುಟದ ತುಂಬ ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಎಂಬ ಶೋಕ. ಕಡೆಗೆ ಉಳಿದದ್ದು ಆರು ಸಾಲು. ಹಳ್ಳದ ಹೆಸರು, ಶಾಲೆಗೆ ದಾಟುವ ಮಕ್ಕಳ ಸಂಖ್ಯೆ, ಹಾಕಿದ ಅಡಿಕೆ ದಬ್ಬೆ ಕೊಚ್ಚಿಹೋದ ತಾರೀಖು. ಸಂಕ ಆಗಲು ಹನ್ನೊಂದು ವರ್ಷ ಬೇಕಾಯಿತು ಎಂಬುದು ಬೇರೆ ವಿಷಯ, ಅದು ನನ್ನ ಗದ್ಯದ ದೋಷವಲ್ಲ.

ಕಥೆಗಳ ಗತಿ? ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಜೊತೆಗಿಟ್ಟು ಕಳಿಸಬೇಕಾಗಿತ್ತು. ವಾಪಸು ಬಂದರೆ ನಮ್ಮದೇ ಅಕ್ಷರದ ಲಕೋಟೆ ನಮ್ಮ ಮನೆಗೇ ಬರುತ್ತದೆ. ಹಾಗಾಗಿ ಒಡೆದು ನೋಡುವ ಮೊದಲೇ ಇಡೀ ಊರಿಗೆ ತಿಳಿಯುತ್ತಿತ್ತು. ಪೋಸ್ಟಿನವರು ದಣಪೆಯ ಆಚೆಯಿಂದಲೇ, “ತಂಗೀ, ಮತ್ತೆ ಬಂತು ನೋಡು” ಎಂದು ಕೂಗುತ್ತಿದ್ದರು. ಒಳ್ಳೆಯ ಮನುಷ್ಯ. ಒಂದು ದಿನ ಲಕೋಟೆ ಕೊಡುವಾಗ, “ಸುಧಾಕ್ಕೆ ಕಳಿಸಿದ್ದು ಆಯ್ತಲ, ಮಯೂರಕ್ಕೆ ಹಾಕಿ ನೋಡು” ಎಂದು ಸಲಹೆಯನ್ನೂ ಕೊಟ್ಟರು. ನನ್ನ ಮೊದಲ ಸಾಹಿತ್ಯ ಸಲಹೆಗಾರರು ಅವರೇ.

ಮದುವೆಯಾಗಿ ಬಂದ ಮೇಲೆ ಕಷ್ಟ ಬೇರೆಯಾಯಿತು. ತುಂಬಿದ ಮನೆ, ಹಾಲು ಕರೆಯುವ ಎಮ್ಮೆ ಎರಡು, ಆಳುಗಳ ಆಸರಿ, ಹನ್ನೊಂದು ಜನರ ಊಟ. ಸೊಸೆ ಕಾಗದ ಹಿಡಿದು ಕೂತರೆ ತವರಿಗೆ ದೂರು ಬರೆಯುತ್ತಿದ್ದಾಳೆ ಎಂದೇ ಅರ್ಥ. “ಎಂತ ಬರೀತಾ ಇದ್ದೆ?” ಎಂದು ಅತ್ತೆ ಕೇಳಿದಾಗ, “ಸಾಮಾನಿನ ಪಟ್ಟಿ” ಎಂದು ಸುಳ್ಳು ಹೇಳಿದ್ದೆ. ನಂಬಿಕೆ ಬರಲಿ ಎಂದು ಹಾಳೆಯ ತುದಿಗೆ ‘ತೊಗರಿಬೇಳೆ 2 ಕೆ.ಜಿ.’ ಎಂದು ನಿಜವಾಗಿಯೂ ಬರೆದೆ. ನನ್ನ ಮೊದಲ ಸಂಕಲನದ ಒಂದು ಕಥೆಯ ಹಸ್ತಪ್ರತಿಯ ಮೇಲೆ ಆ ಬೇಳೆ ಈಗಲೂ ಇದೆ. ಹೆರಳು ಹೆಣೆಯುವಾಗ, ತಂಬುಳಿಗೆ ಅರೆಯುವಾಗ, ಹಪ್ಪಳ ಒಣಗಿಸಿ ಕಾಗೆ ಕಾಯುವಾಗ ವಾಕ್ಯಗಳನ್ನು ಮನಸ್ಸಿನಲ್ಲೇ ಕಟ್ಟಿ, ಬಾಯಿಪಾಠ ಮಾಡಿ ಇಟ್ಟುಕೊಳ್ಳುತ್ತಿದ್ದೆ. ರಾತ್ರಿ ಬರೆಯಲು ಕೂತಾಗ ನೆನಪಿಗೆ ಉಳಿದದ್ದಷ್ಟೇ ಬರವಣಿಗೆ. ಬಿದ್ದು ಹೋದದ್ದರಲ್ಲಿ ಒಳ್ಳೆಯ ವಾಕ್ಯಗಳೂ ಇದ್ದಿರಬಹುದು. ಹೆಂಗಸರ ಸಾಹಿತ್ಯದಲ್ಲಿ ಸಂಯಮವಿದೆ ಎಂದು ವಿಮರ್ಶಕರು ಹೊಗಳಿದಾಗ ನನಗೆ ಆ ಬಿದ್ದು ಹೋದ ವಾಕ್ಯಗಳು ನೆನಪಾಗುತ್ತವೆ. ಸಂಯಮ ಅಲ್ಲ ಸ್ವಾಮಿ, ಪುರಸೊತ್ತು ಇರಲಿಲ್ಲ.

ತಿದ್ದುವುದನ್ನು ಕಲಿಸಿದವರು ಮಾವಯ್ಯ, ತಾವು ಕಲಿಸುತ್ತಿದ್ದೇವೆ ಎಂದು ಗೊತ್ತಿಲ್ಲದೆ. ಅವರು ಅಡಿಕೆಯ ಕೊಳೆ ರೋಗಕ್ಕೆ ಮದ್ದು ಕದಡುವಾಗ ನಾನು ನೀರು ಎತ್ತಿಕೊಡುತ್ತಿದ್ದೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು. ಆಕಾಶದ ಬಣ್ಣ ಬರುತ್ತದೆ. ನೋಡಲು ಬಲು ಚೆಂದ. ನಾನು ಆಯಿತು ಎಂದುಕೊಳ್ಳುತ್ತಿದ್ದೆ. ಮಾವಯ್ಯ ಮಾತ್ರ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡುತ್ತಿದ್ದರು. ಅಲಗಿಗೆ ಕೆಂಪು ಹತ್ತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಬಣ್ಣ ನೋಡಿ ಒಪ್ಪಬಾರದು ಎಂಬುದನ್ನು ನಾನು ಅಲ್ಲಿ ಕಂಡೆ. ಅಂದಿನಿಂದ ಬರೆದದ್ದನ್ನು ಹದಿನೈದು ದಿನ ಬಿಟ್ಟು, ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದುತ್ತೇನೆ. ನಾಲಿಗೆ ತಡವರಿಸಿದಲ್ಲಿ ಕೆಂಪು ಹತ್ತಿದೆ ಎಂದೇ ಲೆಕ್ಕ.

ಇನ್ನು ಭಾಷೆಯ ಮಾತು. ನಮ್ಮ ಮನೆಮಾತಾದ ಹವಿಗನ್ನಡವನ್ನು ಬರೆಯಲು ನನಗೆ ಬಹಳ ವರ್ಷ ನಾಚಿಕೆಯಿತ್ತು. ‘ಇದ್ದು’, ‘ಇಲ್ಲೆ’, ‘ಬಂಜು’ ಎಂದರೆ ಕಾಲೇಜಿನಲ್ಲಿ ನಗುತ್ತಿದ್ದರು. ಆಮೇಲೆ ತಿಳಿಯಿತು, 1887ರಷ್ಟು ಹಿಂದೆಯೇ ಹೊನ್ನಾವರದ ಕಡೆಯ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು ಇದೇ ಮಾತಿನಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಅಚ್ಚು ಮಾಡಿಸಿದ್ದರು ಎಂದು. ದುಡ್ಡಿಗೆ ಹೆಣ್ಣುಮಕ್ಕಳನ್ನು ಮಾರಿ ಮುದುಕರಿಗೆ ಕಟ್ಟುವ ಪದ್ಧತಿಯ ಮೇಲೆ ಬರೆದ ನಾಟಕ. ಮನೆಯೊಳಗಿನ ಅನ್ಯಾಯವನ್ನು ಮನೆಮಾತಿನಲ್ಲೇ ಹೇಳಿದ್ದರಿಂದ ಅದಕ್ಕೆ ಚುಚ್ಚುವ ಶಕ್ತಿ ಬಂತು. ಅಡಿಗೆಮನೆಯ ಮಾತಲ್ಲಿ ನಡೆದ ವ್ಯಾಪಾರವನ್ನು ಗ್ರಾಂಥಿಕದಲ್ಲಿ ಬರೆದಿದ್ದರೆ ಅದು ಯಾರದೋ ಊರಿನ ಕಥೆಯಾಗುತ್ತಿತ್ತು.

ಆದರೆ ಇಲ್ಲೊಂದು ಎಚ್ಚರ ಬೇಕು. ಈ ಮೂರು ತಾಲ್ಲೂಕು ಎಂದರೆ ಹವಿಗನ್ನಡ ಒಂದೇ ಅಲ್ಲ. ನಾಮಧಾರಿಗಳ ಮಾತು ಇದೆ, ಕರೆ ಒಕ್ಕಲಿಗರದು ಇದೆ, ಗೌಳಿಗರ ಮರಾಠಿ, ಕುಣಬಿಗಳ ಮತ್ತು ಸಿದ್ದಿಗಳ ಕೊಂಕಣಿ, ಶಿರಸಿ ಪೇಟೆಯ ಉರ್ದು ಇವೆ. ನಮ್ಮ ಕಥೆಗಳು ಬಹುಕಾಲ ಜಗಲಿಯ ಮೇಲೆ ಕೂತು ಬರೆದಂಥವು. ಅಡಿಕೆ ಕೊನೆ ಕೊಯ್ಯಲು ಮರದ ತುದಿಯಲ್ಲಿದ್ದ ಕೊನೆಗೌಡನಿಗೆ ಅಲ್ಲಿಂದ ತೋಟ ಹೇಗೆ ಕಾಣುತ್ತಿತ್ತು ಎಂದು ನಾವು ಕೇಳಲಿಲ್ಲ. ನನ್ನ ಕಥೆಗಳಲ್ಲೂ ಅವನು ಹಗ್ಗದಲ್ಲಿ ಕೊನೆ ಇಳಿಸಿ, ಕವಳ ಹಾಕಿ ಹೋಗಿಬಿಡುತ್ತಾನೆ. 1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಸಮುದಾಯದವರನ್ನೇ ಕೂಡಿಸಿ ಚಿನುವಾ ಅಚಿಬೆಯ ಕಾದಂಬರಿಯೊಂದನ್ನು ನಾಟಕವಾಗಿ ಆಡಿಸಿದರು. ನೈಜೀರಿಯದ ಕಥೆ, 1958ರಲ್ಲಿ ಇಂಗ್ಲಿಷಿನಲ್ಲಿ ಬಂದದ್ದು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು ಬೇಡ್ತಿಯ ದಂಡೆಯ ಊರಿನಲ್ಲಿ ಅದನ್ನು ಆಡಿದರು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು, ನಮ್ಮ ಮುಂದೆ ತಲೆ ತಗ್ಗಿಸಿ ಎರಡೇ ಮಾತಾಡುತ್ತಿದ್ದವರು ರಂಗದ ಮೇಲೆ ತಲೆಯೆತ್ತಿ ನಿಲ್ಲುತ್ತಾರೆ ಎಂಬುದನ್ನು ನಾವು ಜಗಲಿಯಿಂದ ಒಮ್ಮೆಯೂ ಊಹಿಸಿರಲಿಲ್ಲ. ಸಿದ್ದಿಗಳು ಮಾತು ಕಡಿಮೆ ಎಂದು ನಾನು ಒಂದು ಕಥೆಯಲ್ಲಿ ಬರೆದಿದ್ದೆ. ಅದು ಅಚ್ಚಾಗಿಬಿಟ್ಟಿದೆ, ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ. ಕಡಿಮೆ ಇದ್ದದ್ದು ಅವರ ಮಾತಲ್ಲ, ನಮ್ಮ ಕಿವಿ.

ಮೊನ್ನೆ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಸಿಕ್ಕಿದ್ದಳು. ದೂರದ ಸಂಬಂಧದಲ್ಲಿ ನನ್ನನ್ನು ಅತ್ತೆ ಎನ್ನುತ್ತಾಳೆ. ಕಥೆ ಬರೆದಿದ್ದೇನೆ ನೋಡಿ ಎಂದು ಮೊಬೈಲು ಕೊಟ್ಟಳು. ಬರೆಯಲಿಲ್ಲ, ಮಾತಾಡಿ ಬರೆಸಿದ್ದಾಳೆ. ಹಾಲು ಕರೆಯುತ್ತ, ಮೊಬೈಲನ್ನು ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿ! ಯಂತ್ರ ಅವಳ ಹವಿಗನ್ನಡವನ್ನು ಅಲ್ಲಲ್ಲಿ ತಿದ್ದಿಬಿಟ್ಟಿತ್ತು. ಅವಳು ‘ಬಂಜು’ ಎಂದಲ್ಲೆಲ್ಲ ಅದು ‘ಬಂದಳು’ ಮಾಡಿದೆ, ಕೆಲವು ಕಡೆ ‘ಪಂಜು’ ಎಂದು ಹಾಕಿದೆ. ಕಥೆಯಲ್ಲಿ ಆಯಿ ಆಸ್ಪತ್ರೆಯಿಂದ ಮನೆಗೆ ಬರುವ ಸಂದರ್ಭ. ‘ಆಯಿ ಪಂಜು’ ಎಂದಿತ್ತು. ಇಬ್ಬರೂ ನಕ್ಕೆವು. “ಅತ್ತೆ, ಇದನ್ನ ಎಂತ ಮಾಡ್ಲಿ, ಬಂದಳು ಹೇಳೇ ಇರ್ಲಾ?” ಎಂದು ಕೇಳಿದಳು. ಓದಿ ನೋಡು, ಗಟ್ಟಿಯಾಗಿ ಓದು ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ನಾಚಿಕೆಯಾಗುತ್ತದೆ ಎಂದಳು. ಅಷ್ಟರಲ್ಲಿ ಶಿರಸಿಯ ಬಸ್ಸು ಬಂತು, ಕಿಟಕಿಯ ಪಕ್ಕದ ಸೀಟು ಹಿಡಿಯಲು ಓಡಿದಳು. ಬಸ್ಸು ತಿರುಗುವಾಗ ನೋಡಿದೆ. ಮೊಬೈಲನ್ನು ಮುಖದ ಹತ್ತಿರ ಹಿಡಿದುಕೊಂಡು ತುಟಿ ಅಲುಗಿಸುತ್ತಿದ್ದಳು.